ಒಂದು ಹೆಜ್ಜೆ ಸಪ್ಪಳಕ್ಕೆ ಎಷ್ಟು ಜನ ಬೇಕು?

(ಗೇಮ್ ಮಾಡುವ ಕೆಲಸಕ್ಕೆ ಬರಬೇಕೆಂದಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸದ್ದು ಕೇಳಿಸುತ್ತೇನೆ. ಕಣ್ಣು ಮುಚ್ಚಿಕೊಂಡು ಕೇಳಿ.

ಕೇಳಿಸಿತಾ? ಮಳೆ ನಿಂತ ಮೇಲೆ ಜಲ್ಲಿ ಹಾಸಿದ ದಾರಿಯಲ್ಲಿ ಒಬ್ಬ ನಡೆದುಕೊಂಡು ಹೋಗುತ್ತಿದ್ದಾನೆ. ಎಂಟು ಹೆಜ್ಜೆ, ನಾಲ್ಕು ಸೆಕೆಂಡ್, ಅಷ್ಟೇ. ಗೇಮ್ ಆಡುವಾಗ ಇಂಥ ಸದ್ದನ್ನು ನೀವು ಸಾವಿರಾರು ಸಲ ಕೇಳಿರುತ್ತೀರಿ, ಒಂದು ಸಲವೂ ಗಮನಿಸಿರುವುದಿಲ್ಲ. ಗಮನಿಸದೇ ಇದ್ದರೆ ನಮ್ಮ ಕೆಲಸ ಸರಿಯಾಗಿದೆ ಅಂತ ಅರ್ಥ.

ಈ ಸದ್ದನ್ನು ನಾನು ಎರಡು ಸಲ ಮಾಡಿದ್ದೇನೆ. ಮೊದಲನೇ ಸಲ ಒಂದೇ ಗೇಮಿಗೆ ಮುನ್ನೂರು ಚಿಲ್ಲರೆ ಜನ ದುಡಿಯುತ್ತಿದ್ದ ದೊಡ್ಡ ಸ್ಟುಡಿಯೋದಲ್ಲಿ. ಎರಡನೇ ಸಲ ನಾಲ್ಕೇ ಜನರ ಇಂಡೀ ತಂಡದಲ್ಲಿ, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ತಾನೇ ಗೇಮ್ ಮಾಡುವ ತಂಡದಲ್ಲಿ. ಅಲ್ಲಿ ಆರು ವರ್ಷ, ಇಲ್ಲಿ ಐದು ವರ್ಷ. ನನ್ನದು ಸೌಂಡ್ ಕೆಲಸ. ಎಲ್ಲಿ ಹೋದರೂ ಒಂದೇ ಪ್ರಶ್ನೆ ಬರುತ್ತದೆ: ಯಾವುದು ಒಳ್ಳೆಯದು? ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಬೇರೆ ಒಂದು ಪ್ರಶ್ನೆ ಕೊಡುತ್ತೇನೆ. ನಿಮ್ಮ ಕೈಗೂ ಆಟಗಾರರ ಕೈಗೂ ನಡುವೆ ಎಷ್ಟು ಜನ ಇದ್ದಾರೆ? ಸಂಬಳ, ಸ್ವಾತಂತ್ರ್ಯ, ಕೆಲಸದ ಹೊತ್ತು, ಭಯ, ನೆಮ್ಮದಿ, ಎಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ.

ದೊಡ್ಡ ಸ್ಟುಡಿಯೋದಿಂದ ಶುರು ಮಾಡೋಣ. ಅಲ್ಲಿ ನನ್ನ ಪಾಲಿನ ಕೆಲಸ ಹೆಜ್ಜೆ ಸಪ್ಪಳ. ಒಂದೂವರೆ ವರ್ಷ ಹೆಚ್ಚೂಕಡಿಮೆ ಅದೊಂದೇ. ಅಷ್ಟು ದಿನ ಏನು ಮಾಡೋಕೆ ಇರುತ್ತೆ ಅಂತ ನಿಮಗೆ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಕಿವಿ ತಕ್ಷಣ ಹಿಡಿದುಬಿಡುತ್ತದೆ. ಹಾಗಾಗಿ ಒಂದೊಂದು ಸದ್ದಿಗೂ ಎಂಟು ಹತ್ತು ಬಗೆ ಬೇಕು. ನಡೆಯುವುದು, ಓಡುವುದು, ಬಗ್ಗಿ ನಡೆಯುವುದು, ಮೇಲಿಂದ ಧುಮುಕುವುದು, ಎಲ್ಲಕ್ಕೂ ಬೇರೆ ಬೇರೆ. ಮರ, ಕಲ್ಲು, ಮಣ್ಣು, ಜಲ್ಲಿ, ಹುಲ್ಲು, ಹಿಮ, ತಗಡು. ಒಣ ನೆಲ, ಒದ್ದೆ ನೆಲ. ಬೂಟು, ಬರಿಗಾಲು. ಎಲ್ಲ ಗುಣಿಸಿದರೆ ಸಾವಿರದ ಹತ್ತಿರ ಹೋಗುತ್ತದೆ.

ಇಷ್ಟೂ ರೆಕಾರ್ಡ್ ಮಾಡಿ, ಕತ್ತರಿಸಿ, ಹದಕ್ಕೆ ತಂದರೆ ನನ್ನ ಕೆಲಸ ಮುಗಿಯಿತು. ಸಪ್ಪಳದ ಕೆಲಸ ಮುಗಿಯಲಿಲ್ಲ. ಪಾದ ಯಾವ ಫ್ರೇಮಿನಲ್ಲಿ ನೆಲ ಮುಟ್ಟುತ್ತದೆ ಅಂತ ಗುರುತು ಹಾಕುವವರು ಅನಿಮೇಟರ್. ಇದು ಜಲ್ಲಿ, ಅದು ಮರ ಅಂತ ಒಂದೊಂದು ನೆಲಕ್ಕೂ ಹೆಸರು ಹಚ್ಚುವವರು ಆ ಜಾಗವನ್ನು ಕಟ್ಟಿದ ಆರ್ಟಿಸ್ಟ್. ಎರಡನ್ನೂ ಜೋಡಿಸಿ ಸರಿಯಾದ ಫೈಲ್ ನುಡಿಸುವ ಕೋಡ್ ಬರೆಯುವವರು ಆಡಿಯೋ ಪ್ರೋಗ್ರಾಮರ್. ಶತ್ರುವಿನ ಕಿವಿಗೆ ಈ ಸಪ್ಪಳ ಎಷ್ಟು ದೂರದಿಂದ ಬೀಳಬೇಕು ಅಂತ ತೀರ್ಮಾನಿಸುವವರು ಡಿಸೈನರ್. ಕಿವಿ ಕೇಳಿಸದ ಆಟಗಾರರಿಗೆ ತೆರೆಯ ಮೇಲೆ ಏನು ತೋರಿಸಬೇಕು ಅಂತ ಯೋಚಿಸುವವರು ಇನ್ನೊಬ್ಬರು. ಮೂಲೆ ಮೂಲೆಗೂ ನಡೆದು ಕೇಳಿ ತಪ್ಪು ಹುಡುಕುವವರು ಕ್ಯೂಎ ತಂಡದವರು. ಇಷ್ಟು ಜನರ ಕೆಲಸವನ್ನು ಒಂದಕ್ಕೊಂದು ಹೊಂದಿಸುವವರು ಪ್ರೊಡ್ಯೂಸರ್.

ಇದನ್ನು ಕೇಳಿ ನಗಬೇಡಿ. ಅಲ್ಲಿ ನಾನು ಕಲಿತಷ್ಟು ಬೇರೆ ಎಲ್ಲೂ ಕಲಿಯುತ್ತಿರಲಿಲ್ಲ. ನಮ್ಮ ಆಡಿಯೋ ಪ್ರೋಗ್ರಾಮರ್ ಒಬ್ಬರಿದ್ದರು. ಗುಹೆಯೊಳಗೆ ಕಾಲಿಟ್ಟ ಕೂಡಲೇ ಸಪ್ಪಳ ತಾನಾಗಿ ಗುಂಯ್ ಅನ್ನುವಂತೆ, ಬಾಗಿಲ ಹತ್ತಿರ ಬಂದಂತೆ ಆ ಗುಂಗು ನಿಧಾನಕ್ಕೆ ಕರಗುವಂತೆ ಅವರು ಮಾಡಿದ್ದರು. ಸುತ್ತಲಿನ ಗೋಡೆಗಳು ಎಷ್ಟು ದೂರ ಇವೆ ಅಂತ ಗೇಮ್ ತಾನೇ ಅಳೆದುಕೊಳ್ಳುತ್ತಿತ್ತು. ಅದನ್ನು ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಒಬ್ಬ ವ್ಯಕ್ತಿ ಇಪ್ಪತ್ತು ವರ್ಷ ಒಂದೇ ವಿಷಯದ ಬೆನ್ನು ಹತ್ತಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ದೊಡ್ಡ ಸ್ಟುಡಿಯೋಕ್ಕೇ ಹೋಗಬೇಕು. ನಾಲ್ಕು ಜನರ ತಂಡಕ್ಕೆ ಅಂಥವರನ್ನು ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ.

ಇನ್ನು ಮೆಟ್ಟಿಲಿನ ಕತೆ. ಅದೇ ಗೇಮಿನಲ್ಲಿ ಒಂದು ಮರದ ಮೆಟ್ಟಿಲು. ಹತ್ತಿದರೆ ಕಲ್ಲಿನ ಸದ್ದು ಬರುತ್ತಿತ್ತು. ಯಾರೋ ನೆಲಕ್ಕೆ ತಪ್ಪು ಹೆಸರು ಹಚ್ಚಿದ್ದರು. ಸರಿ ಮಾಡೋಕೆ ಒಂದು ನಿಮಿಷ ಸಾಕು. ಆದರೆ ಆ ಫೈಲ್ ಮುಟ್ಟುವ ಅನುಮತಿ ನನಗಿಲ್ಲ. ಟಿಕೆಟ್ ಹಾಕಿದೆ, ಅಂದರೆ ಇದನ್ನು ಸರಿ ಮಾಡಿ ಅಂತ ಬರೆದು ಕಳಿಸಿದೆ. ಆ ಮನೆ ಕಟ್ಟಿದ ಆರ್ಟಿಸ್ಟ್ ಅಷ್ಟರಲ್ಲಿ ಬೇರೆ ಲೆವೆಲ್ಲಿನ, ಅಂದರೆ ಗೇಮಿನ ಇನ್ನೊಂದು ಭಾಗದ, ಕೆಲಸಕ್ಕೆ ಹೋಗಿದ್ದರು. ಟಿಕೆಟ್ ಒಬ್ಬರಿಂದ ಒಬ್ಬರಿಗೆ ದಾಟಿತು. ಮೂರು ವಾರದ ಮೇಲೆ ಉತ್ತರ ಬಂತು: ಈ ಲೆವೆಲ್ ಲಾಕ್ ಆಗಿದೆ, ಇನ್ನು ಮುಟ್ಟುವಂತಿಲ್ಲ. ಗೇಮ್ ಹೊರಗೆ ಬಂದಾಗಲೂ ಆ ಮೆಟ್ಟಿಲು ಕಲ್ಲಿನ ಸದ್ದೇ ಮಾಡುತ್ತಿತ್ತು. ಅವರು ಹೇಳಿದ್ದು ತಪ್ಪಲ್ಲ. ಕೊನೇ ಗಳಿಗೆಯಲ್ಲಿ ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಕಳಚಿಕೊಳ್ಳುತ್ತದೆ, ಮುನ್ನೂರು ಜನರ ಕೆಲಸದಲ್ಲಿ ಅದನ್ನು ಹುಡುಕೋದು ಕಷ್ಟ. ಅದು ನನಗೂ ಗೊತ್ತು. ಆದರೂ ಆ ಮೆಟ್ಟಿಲು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈಗ ಅದೇ ಜಲ್ಲಿಯ ಸಪ್ಪಳ, ನಾಲ್ಕು ಜನರ ತಂಡದಲ್ಲಿ. ಒಬ್ಬರು ಕೋಡ್, ಒಬ್ಬರು ಚಿತ್ರ, ಒಬ್ಬರು ಕತೆ ಮತ್ತು ಡಿಸೈನ್, ಸೌಂಡ್ ನಾನು. ಒಂದು ತಟ್ಟೆಗೆ ಜಲ್ಲಿ ಸುರಿದು, ನೀರು ಚಿಮುಕಿಸಿ, ಕೈಗೆ ಹಳೇ ಬೂಟು ಹಾಕಿಕೊಂಡು ಒತ್ತಿದೆ. ರಾತ್ರಿ ಹನ್ನೊಂದರ ಮೇಲೆ, ಹೊರಗಿನ ಗಲಾಟೆ ಅಡಗಿದ ಮೇಲೆ. ಎಂಟು ಬಗೆ ಕತ್ತರಿಸಿ ಗೇಮಿಗೆ ಹಾಕಿದೆ. ನಡೆದು ನೋಡಿದೆ. ಸ್ವಲ್ಪ ಜಾಸ್ತಿ ಚೂಪಾಗಿತ್ತು, ತಗ್ಗಿಸಿದೆ. ರೆಕಾರ್ಡ್ ಆದ ಮೇಲಿನದ್ದೆಲ್ಲ ಸೇರಿ ಇಪ್ಪತ್ತು ನಿಮಿಷ. ಬೆಳಿಗ್ಗೆ ಉಳಿದ ಮೂವರೂ ಆಡಿ ನೋಡಿ ಚೆನ್ನಾಗಿದೆ ಅಂದರು. ಮುಗಿಯಿತು.

ಆ ಖುಷಿಯನ್ನು ನಾನು ಬಾಯಲ್ಲಿ ಹೇಳೋಕೆ ಆಗಲ್ಲ. ತಪ್ಪು ಕಂಡ ಕಣ್ಣೂ ನನ್ನದೇ, ತಿದ್ದುವ ಕೈಯೂ ನನ್ನದೇ. ನಡುವೆ ಯಾರೂ ಇಲ್ಲ.

ಯಾರೂ ಇಲ್ಲ ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಗೇಮ್ ಬಿಡುಗಡೆಯಾಗಿ ಎರಡು ತಿಂಗಳಾಗಿತ್ತು. ಒಂದು ಶುಕ್ರವಾರ ರಾತ್ರಿ ಸಣ್ಣ ಸೌಂಡ್ ತಿದ್ದುಪಡಿ ಹಾಕಿ ಪ್ಯಾಚ್, ಅಂದರೆ ಗೇಮಿನ ತಿದ್ದಿದ ಆವೃತ್ತಿ, ಬಿಟ್ಟು ಮಲಗಿದೆ. ಅದರಲ್ಲಿ, ಆಡಿದಷ್ಟನ್ನು ಉಳಿಸಿಡುವ ಸೇವ್ ಫೈಲಿಗೆ ಸಂಬಂಧಪಟ್ಟ, ಇನ್ನೂ ಅರ್ಧಕ್ಕೆ ನಿಂತಿದ್ದ ಕೋಡ್ ಸೇರಿಕೊಂಡಿತ್ತು. ನಾನು ನೋಡಿರಲಿಲ್ಲ. ಬೆಳಿಗ್ಗೆ ಎದ್ದಾಗ ಒಂದರ ಮೇಲೊಂದು ಇಮೇಲ್. ಹಳೇ ಸೇವ್ ತೆರೆಯುತ್ತಿಲ್ಲ. ನಲವತ್ತು ಗಂಟೆ ಆಡಿದ್ದೆ, ಕೊನೇ ಅಧ್ಯಾಯದಲ್ಲಿದ್ದೆ ಅಂತ ಒಬ್ಬರು ಬರೆದಿದ್ದರು. ಬೈದಿರಲಿಲ್ಲ, ಬರೀ ಅಷ್ಟೇ ಬರೆದಿದ್ದರು. ಎದೆ ಧಸಕ್ಕೆಂದಿತು. ಭಾನುವಾರ ಸಂಜೆಯ ಹೊತ್ತಿಗೆ ಹೆಚ್ಚಿನವರ ಸೇವ್ ಮರಳಿ ತಂದೆವು, ಎಲ್ಲರದ್ದೂ ಆಗಲಿಲ್ಲ. ಹಿಂದಿನ ಸ್ಟುಡಿಯೋದಲ್ಲಿ ಮೂರು ಜನ ಸರಿ ಅನ್ನದೆ ಒಂದು ಅಕ್ಷರವೂ ಹೊರಗೆ ಹೋಗುತ್ತಿರಲಿಲ್ಲ. ಆಗ ಅವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಅವರು ಏನನ್ನು ಕಾಯುತ್ತಿದ್ದರು ಅಂತ ಆ ಶನಿವಾರ ಅರ್ಥವಾಯಿತು. ಈಗ ಶುಕ್ರವಾರ ನಾವು ಏನನ್ನೂ ಹೊರಗೆ ಬಿಡುವುದಿಲ್ಲ.

ದುಡ್ಡಿನ ಮಾತಿಗೆ ಬರೋಣ. ದೊಡ್ಡ ಗೇಮಿಗೆ ಎಷ್ಟು ಖರ್ಚಾಗುತ್ತದೆ ಅಂತ ಕಂಪನಿಗಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಅದರ ಎದುರಾಳಿ ಸೋನಿ ಕೋರ್ಟಿಗೆ ಕೊಟ್ಟ ಕೆಲವು ಕಾಗದಗಳು, ಗುಟ್ಟಿನ ಅಂಕಿಗಳಿಗೆ ಸರಿಯಾಗಿ ಮಸಿ ಬಳಿಯದೇ, ಹೊರಬಿದ್ದವು. ಅದರಿಂದ ಗೊತ್ತಾಯಿತು: ‘ದಿ ಲಾಸ್ಟ್ ಆಫ್ ಅಸ್ ಭಾಗ 2’ಕ್ಕೆ ಸುಮಾರು 22 ಕೋಟಿ ಡಾಲರ್, ಸುಮಾರು 200 ಜನ. ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ ಸುಮಾರು 21 ಕೋಟಿ ಡಾಲರ್, 300 ಜನ, ಐದು ವರ್ಷ.

ಈ ಅಂಕಿಗಳನ್ನು ಸುಮ್ನೆ ಬಾಯಿ ಬಿಟ್ಟುಕೊಂಡು ನೋಡಬೇಡಿ. ಅದರಲ್ಲಿ ಬಹುಪಾಲು ಏನು ಗೊತ್ತಾ? ಸಂಬಳ. ಮುನ್ನೂರು ಮನೆಗಳ ಐದು ವರ್ಷದ ಹೊಟ್ಟೆಪಾಡು. ಅಷ್ಟನ್ನು ಪಣಕ್ಕಿಟ್ಟ ಮೇಲೆ ಕೈ ನಡುಗುತ್ತದೆ, ಅಲ್ವಾ? ದೊಡ್ಡ ಸ್ಟುಡಿಯೋಗಳು ಒಂದೇ ಗೇಮಿನ ಎರಡನೇ ಭಾಗ, ಮೂರನೇ ಭಾಗ ಅಂತ ಮಾಡುತ್ತಾ ಹೋಗುವುದು ಕಲ್ಪನೆ ಬತ್ತಿ ಅಲ್ಲ. ಹೊಸದು ಮುಗ್ಗರಿಸಿದರೆ ಎಷ್ಟು ದೊಡ್ಡದಾಗಿ ಮುಗ್ಗರಿಸುತ್ತದೆ ಅಂತ ಅವರಿಗೆ ಗೊತ್ತು. ‘ಕಾನ್‌ಕಾರ್ಡ್’ ಅನ್ನುವ ಗೇಮ್ 2024ರ ಆಗಸ್ಟ್ 23ಕ್ಕೆ ಬಂತು. ಸೆಪ್ಟೆಂಬರ್ 6ಕ್ಕೆ ಅದನ್ನು ವಾಪಸ್ ತೆಗೆದರು. ಎರಡು ವಾರ. ಅದನ್ನು ಮಾಡಿದ ಸ್ಟುಡಿಯೋವನ್ನು ಅಕ್ಟೋಬರಿನಲ್ಲಿ ಮುಚ್ಚಿದರು. ಅಲ್ಲೂ ನನ್ನಂಥ ಒಬ್ಬರು ಕೂತು ಹೆಜ್ಜೆ ಸಪ್ಪಳ ಹದ ಮಾಡಿರುತ್ತಾರೆ. ಅದು ಇನ್ನು ಯಾರ ಕಿವಿಗೂ ಬೀಳುವುದಿಲ್ಲ.

ಇಂಡೀ ಕಡೆ ಎಲ್ಲರೂ ಹೇಳುವ ಹೆಸರು ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬರೋನ್ ನಾಲ್ಕೂವರೆ ವರ್ಷ ಒಬ್ಬರೇ ಕೂತು ಕೋಡ್, ಚಿತ್ರ, ಸಂಗೀತ, ಕತೆ ಎಲ್ಲವನ್ನೂ ಮಾಡಿದರು. 2016ರ ಫೆಬ್ರವರಿಯಲ್ಲಿ ಬಿಟ್ಟರು. ಮುಂದೆ ಅದರ ಎರಡು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು. ಕೇಳೋಕೆ ಎಷ್ಟು ಚೆಂದ. ಆ ನಾಲ್ಕೂವರೆ ವರ್ಷದಲ್ಲಿ ಅವರು ಒಂದು ರಂಗಮಂದಿರದಲ್ಲಿ ಜನರಿಗೆ ಸೀಟು ತೋರಿಸುವ ಕೆಲಸವನ್ನೂ ಮಾಡುತ್ತಿದ್ದರು. ಮನೆ ನಡೆಸೋಕೆ ಸಂಗಾತಿಯ ದುಡಿಮೆ ಆಸರೆಯಾಗಿತ್ತು. ಕತೆಯ ಈ ಭಾಗವನ್ನು ಹೇಳುವವರು ಕಡಿಮೆ. ನೀವು ಇಂಡೀ ದಾರಿ ಹಿಡಿಯುವುದಾದರೆ ಮೊದಲು ಕೂತು ಲೆಕ್ಕ ಹಾಕಬೇಕಾದದ್ದು ಇದನ್ನೇ. ಗೇಮ್ ಮುಗಿಯುವವರೆಗೆ ಅನ್ನ ಎಲ್ಲಿಂದ ಬರುತ್ತದೆ?

ಮುಗಿದ ಮೇಲೂ ಸಲೀಸಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ 100 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಗೇಮ್ ಮಾರಬಹುದು. ಹಾಗಾಗಿ 2024 ಒಂದೇ ವರ್ಷದಲ್ಲಿ 18 ಸಾವಿರಕ್ಕೂ ಹೆಚ್ಚು ಗೇಮ್ ಬಂದವು. ದಿನಕ್ಕೆ ಐವತ್ತರ ಹತ್ತಿರ. ನೀವು ಎರಡು ವರ್ಷ ರಕ್ತ ಬಸಿದು ಮಾಡಿದ್ದು ಆ ಐವತ್ತರಲ್ಲಿ ಒಂದು. ಮಾರಿದ್ದರಲ್ಲಿ ಶೇ 30ರಷ್ಟನ್ನು ಸ್ಟೀಮ್ ಇಟ್ಟುಕೊಳ್ಳುತ್ತದೆ. 2018ರ ಕೊನೆಯಿಂದ, ಒಂದು ಕೋಟಿ ಡಾಲರ್ ದಾಟಿದ ಮೇಲೆ ಶೇ 25, ಐದು ಕೋಟಿ ದಾಟಿದ ಮೇಲೆ ಶೇ 20 ಅಂತ ಮಾಡಿದ್ದಾರೆ. ಜಾಸ್ತಿ ಮಾರಿದವರಿಗೆ ಕಡಿಮೆ, ಕಡಿಮೆ ಮಾರಿದವರಿಗೆ ಜಾಸ್ತಿ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಇನ್ನು ಕೆಲಸದ ಹೊತ್ತು. ಬಿಡುಗಡೆ ಹತ್ತಿರ ಬಂದಾಗ ಹಗಲು ರಾತ್ರಿ ದುಡಿಸುವುದಕ್ಕೆ ನಮ್ಮಲ್ಲಿ ಕ್ರಂಚ್ ಅನ್ನುತ್ತಾರೆ. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನುವ ದೊಡ್ಡ ಗೇಮ್ ಕಂಪನಿಯ ಒಬ್ಬ ಉದ್ಯೋಗಿಯ ಸಂಗಾತಿ, ಎರಿನ್ ಹಾಫ್‌ಮನ್, ಹೆಸರು ಹಾಕದೆ ಒಂದು ಬಹಿರಂಗ ಪತ್ರ ಬರೆದರು. ವಾರಕ್ಕೆ ಏಳು ದಿನ ದುಡಿದು ಮನೆಗೆ ಬರುವ ಮನುಷ್ಯನ ಸ್ಥಿತಿ ಏನಾಗಿದೆ ಅಂತ ಮನೆಯ ಒಳಗಿನಿಂದ ಬರೆದ ಪತ್ರ. ಅದು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಓವರ್‌ಟೈಮ್ ಮೊಕದ್ದಮೆಗಳಲ್ಲಿ ಕಂಪನಿ ಆರ್ಟಿಸ್ಟ್‌ಗಳಿಗೆ 1.56 ಕೋಟಿ, ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 2018ರಲ್ಲಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಬರುವ ಹೊತ್ತಿಗೂ ವಾರಕ್ಕೆ ನೂರು ಗಂಟೆ ದುಡಿದ ಮಾತು ಅದನ್ನು ಮಾಡಿದವರ ಸಂದರ್ಶನದಲ್ಲಿ ಬಂತು. ಅದು ಬರವಣಿಗೆಯ ಸಣ್ಣ ಗುಂಪಿನ ಕೆಲವು ವಾರಗಳ ಮಾತು ಅಂತ ಆಮೇಲೆ ವಿವರಣೆ ಕೊಟ್ಟರು. ಆದರೂ ದೊಡ್ಡ ಚರ್ಚೆಯಾಯಿತು, ಆಗಲೇಬೇಕಿತ್ತು.

ಸಣ್ಣ ತಂಡದಲ್ಲಿ ಕ್ರಂಚ್ ಇಲ್ಲವಾ? ಇದೆ. ಹೇಳಬೇಕೆಂದರೆ ಇನ್ನೂ ಕೆಟ್ಟದಾಗಿ ಇರುತ್ತದೆ. ದೊಡ್ಡ ಕಡೆ ಬೈಯೋಕೆ ಒಬ್ಬ ಮ್ಯಾನೇಜರ್ ಇರುತ್ತಾರೆ. ಪತ್ರ ಬರೆಯೋಕೆ ಒಂದು ವಿಳಾಸ ಇರುತ್ತದೆ. ಇಲ್ಲಿ ನನ್ನನ್ನು ರಾತ್ರಿ ಎರಡರವರೆಗೆ ಕೂರಿಸುತ್ತಿದ್ದದ್ದು ನಾನೇ. ನಾನು ಎದ್ದು ಹೋದರೆ ಆ ಕೆಲಸ ಮಾಡೋಕೆ ಬೇರೆ ಯಾರೂ ಇಲ್ಲ ಅನ್ನುವ ಭಯ. ಒಂದು ಸಲ ಎರಡು ತಿಂಗಳು ಒಂದು ದಿನವೂ ರಜೆ ಇಲ್ಲದೆ ದುಡಿದು, ಕೊನೆಗೆ ಹೆಡ್‌ಫೋನ್ ಹಾಕಿಕೊಂಡರೆ ಯಾವುದು ಚೆನ್ನಾಗಿದೆ ಯಾವುದು ಇಲ್ಲ ಅಂತಲೇ ಗೊತ್ತಾಗದ ಸ್ಥಿತಿ ಬಂತು. ಕಿವಿ ದಣಿದಿತ್ತು. ಆ ತಿಂಗಳು ಮಾಡಿದ ಸದ್ದುಗಳಲ್ಲಿ ಅರ್ಧವನ್ನು ಆಮೇಲೆ ಮತ್ತೆ ಮಾಡಿದೆ.

ಬೇರೆ ದಾರಿ ಇದೆ ಅಂತ ತೋರಿಸಿದವರೂ ಇದ್ದಾರೆ. ‘ಹೇಡೀಸ್’ ಮಾಡಿದ ಸೂಪರ್‌ಜೈಂಟ್ ಇಪ್ಪತ್ತರ ಆಸುಪಾಸಿನ ಜನರ ಸ್ಟುಡಿಯೋ. ಅಲ್ಲಿ ವರ್ಷಕ್ಕೆ ಕಡೇ ಪಕ್ಷ 20 ದಿನ ರಜೆ ಹಾಕಲೇಬೇಕು ಅನ್ನುವ ನಿಯಮ ಮಾಡಿಕೊಂಡರು. ಹಾಕಬಹುದು ಅಂತಲ್ಲ, ಹಾಕಲೇಬೇಕು. ‘ಡೆಡ್ ಸೆಲ್ಸ್’ ಮಾಡಿದ ಫ್ರಾನ್ಸಿನ ಮೋಷನ್ ಟ್ವಿನ್ ಒಂದು ಸಹಕಾರಿ ಸಂಘ. ಎಲ್ಲರಿಗೂ ಒಂದೇ ಸಂಬಳ, ತೀರ್ಮಾನದಲ್ಲಿ ಎಲ್ಲರಿಗೂ ಪಾಲು. ಯಾವುದಾದರೂ ಸಣ್ಣ ಸ್ಟುಡಿಯೋಗೆ ಸಂದರ್ಶನಕ್ಕೆ ಹೋದರೆ, ಕಳೆದ ವರ್ಷ ನೀವು ಎಷ್ಟು ದಿನ ರಜೆ ಹಾಕಿದಿರಿ ಅಂತ ಎದುರಿಗೆ ಕೂತವರನ್ನು ಕೇಳಿ. ನಿಯಮ ಏನು ಅಂತ ಕೇಳಬೇಡಿ, ಅವರು ಹಾಕಿದ್ದೆಷ್ಟು ಅಂತ ಕೇಳಿ.

ಕೆಲಸ ಎಲ್ಲಿ ಗಟ್ಟಿ ಅನ್ನುವ ಪ್ರಶ್ನೆಗೆ ಹಿಂದೆ ಉತ್ತರ ಸುಲಭವಿತ್ತು. ದೊಡ್ಡ ಕಡೆ ಅನ್ನುತ್ತಿದ್ದೆವು. ಈಗ ಹಾಗೆ ಹೇಳೋಕೆ ನನಗೆ ಧೈರ್ಯವಿಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಲ್ಲಿ 1,900 ಜನರನ್ನು ತೆಗೆಯಿತು. ಮರುತಿಂಗಳು ಸೋನಿಯ ಪ್ಲೇಸ್ಟೇಷನ್ ವಿಭಾಗ ಸುಮಾರು 900 ಜನರನ್ನು ತೆಗೆಯಿತು. ‘ಹೈ-ಫೈ ರಷ್’ ಅನ್ನುವ ಗೇಮನ್ನು ಜನ ಎಷ್ಟು ಮೆಚ್ಚಿದರು, ಪ್ರಶಸ್ತಿಗಳೂ ಬಂದವು. ಆದರೂ ಅದನ್ನು ಮಾಡಿದ ಮೈಕ್ರೋಸಾಫ್ಟ್‌ನ ಸ್ಟುಡಿಯೋ ಟ್ಯಾಂಗೋ ಗೇಮ್‌ವರ್ಕ್ಸ್ ಮುಚ್ಚುತ್ತೇವೆ ಅಂತ 2024ರ ಮೇನಲ್ಲಿ ಘೋಷಣೆಯಾಯಿತು. ಆಮೇಲೆ ಕ್ರಾಫ್ಟನ್ ಅನ್ನುವ ಬೇರೆ ಗೇಮ್ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು, ಅದು ಬೇರೆ ಮಾತು. ಒಳ್ಳೆಯ ಕೆಲಸ ಮಾಡಿದರೆ ಕೆಲಸ ಉಳಿಯುತ್ತದೆ ಅನ್ನುವ ನಂಬಿಕೆಗೆ ಅವತ್ತು ಪೆಟ್ಟು ಬಿತ್ತು.

ಸಣ್ಣ ತಂಡದಲ್ಲಿ ಭದ್ರತೆ ಅನ್ನುವ ಮಾತೇ ಇಲ್ಲ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಗೋಡೆಯ ಮೇಲೆ ಒಂದು ಬೋರ್ಡು. ಬ್ಯಾಂಕಿನಲ್ಲಿ ಇರುವ ದುಡ್ಡು ಇನ್ನು ಎಷ್ಟು ತಿಂಗಳು ಸಾಕಾಗುತ್ತದೆ ಅಂತ ಪ್ರತಿ ತಿಂಗಳ ಒಂದನೇ ತಾರೀಕು ಅದರಲ್ಲಿ ಬರೆಯುತ್ತೇವೆ. ಒಂದು ಸಲ ಅದು 3ಕ್ಕೆ ಇಳಿದಿತ್ತು. ಹೊಟ್ಟೆಯಲ್ಲಿ ಸಂಕಟ, ನಿಜ. ಆದರೆ ನಾಲ್ವರಿಗೂ ಗೊತ್ತಿತ್ತು. ಕೂತು ಮಾತಾಡಿದೆವು, ಎರಡು ಲೆವೆಲ್ ಕಿತ್ತು ಹಾಕಿದೆವು, ಇಬ್ಬರು ಹೊರಗಿನ ಕೆಲಸ ಹಿಡಿದೆವು. ಕೆಟ್ಟ ಸುದ್ದಿ ಮೂರು ತಿಂಗಳು ಮೊದಲೇ ಗೊತ್ತಾಗುವುದಕ್ಕೂ, ಒಂದು ಬೆಳಿಗ್ಗೆ ಮೇಲ್‌ನಲ್ಲಿ ಬರುವುದಕ್ಕೂ ಅಜಗಜಾಂತರ.

ನಡುವೆ ಒಂದು ಮಾತು. ಇಂಡೀ ಅಂದರೆ ಸಣ್ಣದು, ಕೈಯಲ್ಲಿ ಕಾಸಿಲ್ಲದ್ದು ಅಂತ ತಿಳಿಯಬೇಡಿ. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಮಾಡಿದ ಲಾರಿಯನ್ ನೂರಾರು ಜನರ ಸ್ಟುಡಿಯೋ, ಆದರೆ ತನ್ನ ಗೇಮನ್ನು ತಾನೇ ಹೊರತಂದಿತು. 2025ರ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ನೋಡಿದರೆ ದೊಡ್ಡ ಬಜೆಟ್ಟಿನದ್ದೇ ಅನಿಸುತ್ತದೆ, ಅದರ ಒಳತಂಡ ಸುಮಾರು ಮೂವತ್ತು ಜನ. ಉಳಿದ ಕೆಲಸವನ್ನು ಹೊರಗಿನವರಿಂದ ಮಾಡಿಸಿಕೊಂಡರು. ಹಾಗಾಗಿ ಹೆಸರು ನೋಡಬೇಡಿ. ನಡುವೆ ಎಷ್ಟು ಜನ ಅಂತ ನೋಡಿ.

ಕೊನೆಯದಾಗಿ, ಮೊದಲ ಕೆಲಸ ಎಲ್ಲಿ ಹಿಡಿಯಬೇಕು ಅಂತ ಕೇಳುವವರಿಗೆ. ಅದಕ್ಕಿಂತ ಮೊದಲು ಒಂದು ಸಣ್ಣ ಗೇಮ್ ಪೂರ್ತಿ ಮುಗಿಸಿ. ಗೇಮ್ ಜಾಮ್‌ಗಳಿವೆ, ಎರಡು ಮೂರು ದಿನದಲ್ಲಿ ಮಾಡಿ ಮುಗಿಸುವಂಥವು. ‘ಸೆಲೆಸ್ಟ್’ ಹುಟ್ಟಿದ್ದು ಹಾಗೇ, ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಗೇಮಿನಿಂದ. ದೊಡ್ಡದಾಗಿ ಬೆಳೆದು 2018ರಲ್ಲಿ ಬಂದ ಮೇಲೆ ಅದರ ಮುಖ್ಯ ಪಾತ್ರದ ಕೋಡನ್ನು ಎಲ್ಲರೂ ನೋಡಲಿ ಅಂತ ಹೊರಗೆ ಹಾಕಿದರು. ತೆಗೆದು ಓದಿ. ಅದರಲ್ಲಿ 0.1 ಸೆಕೆಂಡ್ ಅಂತ ಒಂದು ಅಂಕಿ ಸಿಗುತ್ತದೆ. ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಅಷ್ಟು ಹೊತ್ತು ಜಿಗಿಯೋಕೆ ಬಿಡುತ್ತದೆ. ಆಟಗಾರರಿಗೆ ಅದು ಗೊತ್ತಾಗುವುದೇ ಇಲ್ಲ, ನಾನೇ ಸರಿಯಾಗಿ ಜಿಗಿದೆ ಅಂದುಕೊಳ್ಳುತ್ತಾರೆ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಷ್ಟು ಅಕ್ಕರೆ ಇದೆ ನೋಡಿ. ಇಂಥ ಒಂದು ಅಂಕಿಯನ್ನು ನೀವೇ ಆಡಿ, ತಿದ್ದಿ, ಮತ್ತೆ ಆಡಿ ಕಂಡುಕೊಂಡ ಮೇಲೆ ಎಲ್ಲಿಗಾದರೂ ಹೋಗಿ. ದೊಡ್ಡ ಕಡೆ ಹೋದರೆ ಹೆಸರಿನ ಬಗ್ಗೆ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಬಿಡುಗಡೆಗೆ ಮೊದಲೇ ಕೆಲಸ ಬಿಟ್ಟರೆ ಕೊನೆಯಲ್ಲಿ ಬರುವ ಹೆಸರಿನ ಪಟ್ಟಿಯಿಂದ ಬಿಟ್ಟುಬಿಡುವ ಪದ್ಧತಿ ಹಲವು ಕಡೆ ಇದೆ. ನನಗೂ ಹಾಗೇ ಆಯಿತು. ಒಂದೂವರೆ ವರ್ಷದ ಹೆಜ್ಜೆ ಸಪ್ಪಳ ಆ ಗೇಮಿನಲ್ಲಿದೆ, ನನ್ನ ಹೆಸರಿಲ್ಲ.

ಮಾತು ಮುಗಿದ ಮೇಲೆ ಹಲವರು ಸಂಬಳದ ಬಗ್ಗೆ, ಗೇಮ್ ಕಟ್ಟುವ ಯಾವ ಎಂಜಿನ್ (ಸಾಫ್ಟ್‌ವೇರ್) ಕಲಿಯಬೇಕು ಅನ್ನುವುದರ ಬಗ್ಗೆ ಕೇಳಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು, ಹಿಮದ ಮೇಲೆ ನಡೆಯುವ ಸದ್ದಿಗೆ ಏನು ಬಳಸಿದಿರಿ ಅಂತ ಕೇಳಿದಳು. ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಬಾಯಿ ಕಟ್ಟಿ ಅದುಮಬೇಕು ಅಂದೆ. ಚೀಲ ಪೂರ್ತಿ ತುಂಬಬೇಕಾ, ಅರ್ಧ ಸಾಕಾ ಅಂತ ಮತ್ತೆ ಕೇಳಿದಳು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂದೆ. ಬರೆದುಕೊಂಡಳು.